ಏರಿಯಲ್ ತಂತಿ ಹಿಡಿದವಳು

ಇವತ್ತು ರಿಪೇರಿ ಅಂಗಡಿಯಲ್ಲಿ ಹಳೇ ರೇಡಿಯೊ ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂದದ್ದೇ, ನಾನು ಏಳು ವರ್ಷದವಳಾದೆ.

ಹೊನ್ನಾವರದಲ್ಲಿ ಆ ಮಧ್ಯಾಹ್ನ ಗಾಳಿ ಎದ್ದಿತ್ತು. ಅಪ್ಪನ ದೋಣಿ ಸಮುದ್ರದಲ್ಲಿತ್ತು. ಅಜ್ಜಿ ರೇಡಿಯೊದ ಗುಂಡಿ ತಿರುಗಿಸಿ ತಿರುಗಿಸಿ ಸೋತಳು. ಬರೀ ಗೊರಗೊರ ಸದ್ದು. ಕಿಟಕಿಯಿಂದ ಕಳಚಿಬಿದ್ದ ಏರಿಯಲ್ ತಂತಿಯನ್ನು ನಾನು ಎತ್ತಿ ಹಿಡಿದೆ. ಹವಾಮಾನ ವರದಿ ಸ್ಪಷ್ಟವಾಗಿ ಕೇಳಿಸಿತು.

"ಹಾಂಗೇ ನಿಲ್ಲು ಮಗಾ, ಅಲ್ಲಾಡಬ್ಯಾಡ," ಅಂದಳು ಅಜ್ಜಿ.

ವರದಿ ಮುಗಿದು ಹಾಡು ಶುರುವಾಯಿತು.

"ಅಜ್ಜೀ, ಆತಾ?"

"ಇಲ್ಲ, ಮತ್ತೆ ಹೇಳ್ತರು."

ಉಚ್ಚೆ ಒತ್ತರಿಸಿ ಬಂತು. ಕೈ ಬಿಟ್ಟರೆ ಅಪ್ಪ ಮುಳುಗುತ್ತಾನೆ ಎಂದು ಹೆದರಿ ಕದಲಲಿಲ್ಲ. ನಿಂತಲ್ಲೇ ಲಂಗ ಒದ್ದೆಯಾಯಿತು.

ಸಂಜೆ ಅಪ್ಪ ಬಂದ. ಎಲ್ಲರೂ ಅಂಗಳಕ್ಕೆ ಓಡಿದರು. ಸಾಕು, ತಂತಿ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ.