ನಿಂತ ಲಾರಿಯ ಸದ್ದು

ಅಕ್ಕಿಹಿಟ್ಟು ಬೆರೆತ ರೊಟ್ಟಿ ಬೇಯುವ ವಾಸನೆ ಬಂದರೆ ಈಗಲೂ ನನಗೆ ಡೀಸೆಲ್ ನೆನಪಾಗುತ್ತದೆ.

ಲಾಕ್‌ಡೌನಿನಲ್ಲಿ ಯಮಕನಮರಡಿಯ ಹೆದ್ದಾರಿ ಖಾಲಿಯಾಗಿತ್ತು. ಇಟ್ಟಿಗೆ ಸಾಗಿಸುವ ಅಪ್ಪನ ಲಾರಿ ಮನೆಯ ಮುಂದೆಯೇ ನಿಂತಿತ್ತು. ಅಜ್ಜಿ ರೇಷನ್ ಅಕ್ಕಿಯ ಹಿಟ್ಟನ್ನು ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಿದ್ದಳು. ಅಂಚು ಒಡೆಯುತ್ತಲೇ ಇತ್ತು.

“ಸರ್ಕಾರದ ಅಕ್ಕಿ ಹೊಟ್ಟಿ ತುಂಬತೈತಿ ಖರೆ, ದುಡಿಯಾಕ ಕಸುವು ಕೊಡೂದಿಲ್ಲ,” ಎಂದಳು.

“ದುಡಿಯಾಕ ಕೆಲಸರ ಎಲ್ಲೈತಿ, ಯವ್ವಾ?” ಅಪ್ಪ ನಕ್ಕ.

“ಹಂಗಾರ ಈ ಅಕ್ಕಿ ಉಪಯೋಗ ಆತೋ ಇಲ್ಲೋ?” ನಾನು ಕೇಳಿದೆ. ಅಜ್ಜಿ ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದಳು.

ಉಂಡೆದ್ದ ಅಪ್ಪ ಲಾರಿ ಚಾಲೂ ಮಾಡಿದ. ನಾನು ಓಡಿಹೋಗಿ ಪಕ್ಕದಲ್ಲಿ ಹತ್ತಿ ಕುಳಿತೆ.

“ಎಲ್ಲಿಗಿ ಹೊಂಟಿ, ಅಪ್ಪಾ?”

“ಎಲ್ಲಿಗೂ ಇಲ್ಲ. ಹಂಗ ಬಿಟ್ರ ಬ್ಯಾಟ್ರಿ ಸಾಯತೈತಿ. ಕೆಲಸ ಬಂದ ದಿನ ಗಾಡಿ ಚಾಲೂ ಆಗಬೇಕಲ್ಲ?”