ಕೆಂಪು ಪಟ್ಟಿಯ ಪಾನಾ

ಎಂಜಿನ್ ಎತ್ತಲು ಬೇರೆ ಆಳು ಸಿಗದಿದ್ದಕ್ಕಷ್ಟೇ ಗದಿಗೆಪ್ಪ ಮೇಸ್ತ್ರಿ ಹೆಂಡತಿಯ ತಮ್ಮ ಚನ್ನವೀರನನ್ನು ಮತ್ತೆ ಗ್ಯಾರೇಜಿನೊಳಗೆ ಬಿಟ್ಟುಕೊಂಡಿದ್ದ. ಹೋದ ದೀಪಾವಳಿಯಲ್ಲಿ, ತಾನು ಕೆಂಪು ಪಟ್ಟಿ ಬಳಿದು ಗುರುತು ಮಾಡಿಟ್ಟಿದ್ದ, ನಟ್ಟು-ಬೋಲ್ಟು ಬಿಚ್ಚುವ ಪಾನಾ ಕಾಣೆಯಾದಾಗ, ಓಣಿಗೆಲ್ಲ ಕೇಳುವಂತೆ ಕಳ್ಳ ಕಳ್ಳ ಎಂದು ಕೂಗಿ ಅವನನ್ನು ಹೊರದಬ್ಬಿದವನೂ ಇವನೇ.

"ಕೈ ನನಗ ಕಾಣೋಹಂಗ ಇಟ್ಕೊ," ಎಂದ ಗದಿಗೆಪ್ಪ.

"ಚೈನ್ ಎಳೀಲೋ, ಕೈ ತೋರಿಸ್ಲೋ?"

"ಬಾಯಿ ಬ್ಯಾರೆ ಉದ್ದ ಆಗೇತಿ. ಸಾವಕಾಶ ಎಳಿ. ಈ ಗಾಡಿ ಎಂಜಿನ್‌ಗೆ ನನ್ನ ಕೈ ಬಿಟ್ರ ಯಾರ ಕೈನೂ ಹತ್ತಿಲ್ಲ. ಹೋದ ದೀಪಾವಳಿಗೆ ನಾನ ಇಳಿಸಿ ಕೂಡಿಸೀನಿ."

"ನಿನ್ನ ಪಾನಾ ನಾ ತಗೊಂಡಿಲ್ಲ, ಮಾಮಾ. ಅದರ ಸಲುವಾಗಿ ಅಕ್ಕನ್ನ ತವರಮನಿಗೆ ಕಳಸೂದು ಬಿಟ್ಟಿ. ಅವ್ವ ಮಗಳ ಮಾರಿ ನೋಡಿ ವರ್ಷಾತು."

"ಕಳ್ಳರ ಮನ್ಯಾಗ ನನ್ನ ಹೇಂತಿ ನೀರೂ ಕುಡ್ಯಂಗಿಲ್ಲ. ಎಳಿ!"

ಚನ್ನವೀರ ಹಲ್ಲು ಕಚ್ಚಿ, ಮೇಲಿನ ರಾಟೆಯತ್ತ ನೋಡುತ್ತ ಚೈನ್ ಎಳೆದ. ಎಂಜಿನ್ ತೂಗಾಡುತ್ತ ಮೇಲೆದ್ದಿತು. ಗಾಡಿಯೊಳಗೆ ಅದು ಕೂತಿದ್ದ ಕಬ್ಬಿಣದ ಚೌಕಟ್ಟಿನ ಮೇಲೆ, ಜಿಡ್ಡು ಮೆತ್ತಿಕೊಂಡು, ಕೆಂಪು ಪಟ್ಟಿಯ ಪಾನಾ ಬಿದ್ದಿತ್ತು.

ಗದಿಗೆಪ್ಪ ಬಗ್ಗಿ, ಅದನ್ನು ಸರಕ್ಕನೆ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಎಳೆದುಕೊಂಡ.

"ಯಾಕ ನಿಂತೀಲೇ, ಕಳ್ಳಾ? ಎಳಿ!"