ಪೆನ್ಸಿಲ್ ಗೆರೆಯಲ್ಲೇ ನಿಂತಿದ್ದ ತಿರುಪು

ರೇಡಿಯೋ ರಿಪೇರಿ ಅಂಗಡಿಯಲ್ಲಿ, ಗುಜರಿಯಿಂದ ಬಂದ ಮಿಲಿಟರಿ ಟ್ರಾನ್ಸ್‌ಮಿಟರಿನ ಬೆನ್ನಿನ ಮೇಲೆ ತಾನೇ ಹಿಂದೆ ಕೊರೆದಿದ್ದ ನಂಬರನ್ನು ನಿವೃತ್ತ ಸುಬೇದಾರ ಬೆರಳಿನಿಂದ ಸವರಿ ನೋಡಿದ. ಯುದ್ಧದಲ್ಲಿ ಶತ್ರುಗಳು ಸುತ್ತುವರಿದ ದಿನ, ತಿರುಪನ್ನು ಗುಡ್ಡದಾಚೆಯ ತುಕಡಿಯ ಫ್ರೀಕ್ವೆನ್ಸಿಗೆ ಇಟ್ಟು, ಅಲ್ಲಿ ಪೆನ್ಸಿಲ್ ಗೆರೆ ಎಳೆದು, ಮೂರು ತಾಸು ಇದರಲ್ಲೇ ಅವರನ್ನು ಕರೆದಿದ್ದ. ಯಾರೂ ಬರಲಿಲ್ಲ. ಬದುಕಿ ಬಂದವನು ಅವನೊಬ್ಬನೇ. ಸತ್ತ ಹನ್ನೊಂದು ಜನರ ಮನೆಗೂ ಹೋಗಿ, ‘ಸೆಟ್ಟು ಕೆಟ್ಟಿತ್ತು, ನಮ್ಮ ಕರೆ ಹೊರಗೆ ಹೋಗಲೇ ಇಲ್ಲ’ ಎಂದು ಹೇಳಿದ್ದ.

“ಏನೇನು ಬದಲಿಸಿದಿ, ತಂಗಿ?” ರಿಪೇರಿಯವಳನ್ನು ಕೇಳಿದ.

“ಒಂದೂ ಪಾರ್ಟ್ ಬದಲಿಸಿಲ್ರೀ, ಅಜ್ಜಾರ. ತುಕ್ಕು ತಗದು ಬ್ಯಾಟರಿ ಹಚ್ಚೀನಿ, ಅಷ್ಟ. ಟ್ಯೂನಿಂಗ್ ತಿರುಪಂತೂ ನೀವು ಹೇಳಿದ ಪೆನ್ಸಿಲ್ ಗೆರಿ ಮ್ಯಾಲೇ ಐತಿ.” ರಿಪೇರಿಯವಳು ಆಂಟೆನಾ ತಂತಿ ಸಿಕ್ಕಿಸಿದಳು. “ಗುಂಡಿ ಒತ್ರಿ. ಮೀಟರಿನ ಮುಳ್ಳು ಏರಿದ್ರ ಕರೆ ಹೊರಗ ಹೋತು ಅಂತ ತಿಳೀರಿ.”

ಒತ್ತಿದ. ಮುಳ್ಳು ಅಲುಗಲಿಲ್ಲ. ಅವನ ಬಿಗಿಹಿಡಿದ ಉಸಿರು ಸಡಿಲಾಯಿತು.

“ತಡೀರಿ, ನಾ ಹಾಕಿದ ಕ್ಲಿಪ್ಪ ಸಡಲ ಐತಿ.”

ಅವಳು ಕ್ಲಿಪ್ ಬಿಗಿ ಮಾಡಿದ್ದೇ ತಡ, ಮುಳ್ಳು ಸರ್ರನೆ ಏರಿ ಕೊನೆಯ ಅಂಕಿ ಮುಟ್ಟಿತು.

“ನೋಡ್ರಿ, ಅಜ್ಜಾರ. ಈ ಸೆಟ್ಟು ಯಾವತ್ತೂ ಕೆಟ್ಟಿದ್ದಿಲ್ಲ.”

ಸುಬೇದಾರ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

“ಹಂಗಂದ್ರ ಅವತ್ತು ಗುಡ್ಡದಾಚಿನವರಿಗೆ ಕೇಳಿಸಿತ್ತು.”